ಹಗೇವಿನ ಬಾಯಿ

ತುರುಬು ಬಿಚ್ಚಿ ಎರಡನೆಯ ಚೊಂಬು ನೀರು ಹುಯ್ಯುತ್ತಿದ್ದಂತೆ ಸುಬ್ಬಮ್ಮನ ಕೂದಲಿನಿಂದ ರಾಗಿಕಾಳು ಉದುರಿ ಬಚ್ಚಲ ಕಲ್ಲಿನ ಮೇಲೆ ಹರಡಿದವು. ನೀಲಾಂಬಿಕೆ ಚೊಂಬು ಕೆಳಗಿಟ್ಟು ಅವನ್ನು ಅಂಗೈಯಲ್ಲಿ ಬಳಿದು ಸೆರಗಿಗೆ ಹಾಕಿಕೊಂಡಳು. ಬಾಗಿಲ ಕಡೆ ನೋಡಿದಳು. ಸದ್ಯ, ಯಾರೂ ಇರಲಿಲ್ಲ.

“ಉಗುರ ಸಂದಿಲೂ ಅವೆ ಕಣಕ್ಕ,” ಬೆಟ್ಟಮ್ಮ ಪಿಸುಗುಟ್ಟಿದಳು. ಸತ್ತವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಯಿಂದ ಕೆದಕುತ್ತಿದ್ದಳು. “ಮೊಣಕೈ ಬ್ಯಾರೆ ತರಚೋಗದೆ. ಅವರಣ್ಣ ಕೇಳುದ್ರೆ ಏನಂತ ಯೋಳಾನ?”

“ಎದೆನೋವು ಬಂತು, ಹಿತ್ತಲಲ್ಲಿ ಬಿದ್ದಳು. ಅಷ್ಟೇ. ಬೇರೇನೂ ನಮಗೆ ಗೊತ್ತಿಲ್ಲ.”

ಹೇಳುತ್ತಲೇ ನೀಲಾಂಬಿಕೆ ಮತ್ತೆ ಬಾಗಿಲ ಕಡೆ ನೋಡಿದಳು. ಲೆವಿ ವಸೂಲಿಯ ಶೇಕದಾರರು ಬೆಳಿಗ್ಗೆಯೇ ಪಕ್ಕದ ಊರಿಗೆ ಬಂದಿದ್ದಾರೆ, ಸಲಾಕೆ ಹಿಡಿದ ಆಳುಗಳಿಂದ ಅಂಗಳ ಅಂಗಳವನ್ನೂ ಚುಚ್ಚಿಸಿ ನೋಡುತ್ತಿದ್ದಾರೆ ಎಂಬ ಸುದ್ದಿ ಹೆಣಕ್ಕೆ ನೀರು ಕಾಯಿಸುವಾಗಲೇ ಬಂದಿತ್ತು.

*

ಯುದ್ಧ ಶುರುವಾಗಿ ಅದು ಐದನೆಯ ವರ್ಷ. ಬೆಳೆದ ರಾಗಿಯಲ್ಲಿ ಲೆವಿ ಎಂದು ಸರ್ಕಾರದ ಪಾಲು ಹೋದ ಮೇಲೆ ದುದ್ದದ ಸುತ್ತಿನ ಎಷ್ಟೋ ಮನೆಗಳಲ್ಲಿ ಒಲೆ ಒಪ್ಪೊತ್ತು ಮಾತ್ರ ಉರಿಯುತ್ತಿತ್ತು. ಸುಬ್ಬಮ್ಮನ ಅಂಗಳದ ನೆಲದೊಳಗೆ ಅವಳ ಮಾವನ ಕಾಲದ ಹಗೇವು ಒಂದಿತ್ತು. ಗುಡಾಣದಂತೆ ತೋಡಿದ ಆಳದ ಕಣಜ. ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು. ಎರಡು ವರ್ಷದ ರಾಗಿ ಅದರಲ್ಲಿರುವುದು ಸುಬ್ಬಮ್ಮ, ನೀಲಾಂಬಿಕೆ, ಬೆಟ್ಟಮ್ಮ ಈ ಮೂವರಿಗಷ್ಟೇ ಗೊತ್ತು. ಗಂಡ ಪಟಾಲಮ್ಮಿಗೆ ಹೋಗಿ ಕಾಗದವೂ ಬರೆಯದ ಸಾಕಮ್ಮನಂಥವರ ಮಡಿಲಿಗೆ ವಾರಕ್ಕೊಮ್ಮೆ ಒಂದೊಂದು ಮೊರ ರಾಗಿ ಬೀಳುತ್ತಿತ್ತು. ಎಲ್ಲಿಂದ ಎಂದು ಅವರು ಕೇಳುತ್ತಿರಲಿಲ್ಲ.

ಸುಬ್ಬಮ್ಮ ಮಕ್ಕಳಿಲ್ಲದವಳು, ಗಂಡನನ್ನು ಕಳೆದುಕೊಂಡವಳು, ಗಟ್ಟಿ ಗಂಟಲಿನವಳು. ನೀಲಾಂಬಿಕೆಯ ಗಂಡ ಗಂಗಾಧರಯ್ಯ ತೀರಿಕೊಂಡು ಅಂಗಡಿಗೆ ಬೀಗ ಬಿದ್ದಾಗ, ಮೂರು ದಿನ ತೆರೆಯದ ಆ ಮನೆಯ ಬಾಗಿಲನ್ನು ಒದ್ದು ಒಳಗೆ ಬಂದವಳು ಅವಳೇ. “ನಾ ಬೇಯ್ಸಿದ್ದ ನೀವು ಲಿಂಗವಂತ್ರು ತಿನ್ನಾಕಿಲ್ಲ, ಗೊತ್ತು. ಇಟ್ಟು ತಂದಿವ್ನಿ. ನೀನೇ ತೊಳಸ್ಕಂಡು ಉಣ್ಣು. ನೀನು ಉಣ್ಣಾಗಂಟ ನಾ ಇಲ್ಲಿಂದ ಏಳಾಕಿಲ್ಲ,” ಎಂದು ಹೊಸಿಲ ಮೇಲೆ ಕೂತವಳು ಕತ್ತಲಾದರೂ ಎದ್ದಿರಲಿಲ್ಲ.

*

ನಿನ್ನೆ ಸಂತೆ. ಊರು ಖಾಲಿಯಾದ ಮಧ್ಯಾಹ್ನ ಮೂವರೂ ಹಗೇವಿನ ಬಾಯಿಯ ಚಪ್ಪಡಿ ಸರಿಸಿದ್ದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಒಂದು ಹೊತ್ತು ತೆರೆದು ಬಿಟ್ಟು, ಲಾಟೀನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಸುಬ್ಬಮ್ಮ ಲಾಟೀನು ತರಲು ಎದ್ದಿದ್ದಳು.

“ಅದಕ್ಕೆಲ್ಲ ಹೊತ್ತಿಲ್ಲ ಸುಬ್ಬೀ, ಸಂತೆಯವರು ಬಂದುಬಿಡ್ತಾರೆ. ಬೇಗ ಇಳಿ,” ಅಂದವಳು ನೀಲಾಂಬಿಕೆ.

ಸುಬ್ಬಮ್ಮ ನಕ್ಕಿದ್ದಳು. “ನಿನ್ನ ಪುಕ್ಕಲು ಯಾವತ್ತಾದ್ರೂ ನನ್ನ ತಿಂದಾಕ್ತದೆ ಕಣೆ.” ಹಗ್ಗ ಸೊಂಟಕ್ಕೆ ಬಿಗಿದು ಇಳಿದಳು. ಒಂದು ಮಂಕರಿ ರಾಗಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ. ಇಬ್ಬರೂ ಎಳೆದು ಎಳೆದು ಮೇಲೆ ತರುವಷ್ಟರಲ್ಲಿ ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಳುವುದಕ್ಕೆ ಮುಂಚೆ ನೀಲಾಂಬಿಕೆ ಮಾಡಿದ್ದು ಚಪ್ಪಡಿ ಮುಚ್ಚಿ, ಮಣ್ಣೆಳೆದು, ಸಗಣಿ ಸಾರಿಸಿದ್ದು.

*

ಚಟ್ಟವನ್ನು ಆ ಸಗಣಿ ಸಾರಿಸಿದ ಜಾಗದ ಮೇಲೆಯೇ ಇಟ್ಟರು. ಹೊಳೆನರಸೀಪುರದಿಂದ ಬಂದಿದ್ದ ಸುಬ್ಬಮ್ಮನ ಅಣ್ಣ ಚಲುವಯ್ಯ ಹೊಲದಲ್ಲಿ ಗುಂಡಿ ತೆಗೆಸಿ ಬಂದಿದ್ದ. ಹೊರುವುದಕ್ಕೆ ಊರ ಗಂಡಸರು ಟವೆಲ್ಲು ಸುತ್ತಿ ನಿಂತಿದ್ದರು. ಅಷ್ಟರಲ್ಲಿ ಶೇಕದಾರರು ಬಂದರು. ಹಿಂದೆ ಸಲಾಕೆ ಹಿಡಿದ ಜವಾನ ಹುಚ್ಚಯ್ಯ.

ಶೇಕದಾರರು ಟೋಪಿ ತೆಗೆದು ಹೆಣಕ್ಕೆ ಕೈಮುಗಿದರು. ಆಮೇಲೆ ನೆಲ ನೋಡಿದರು. “ಸಾರಿಸಿದ್ದು ಈಗೇನು?”

“ಸಾವಿನ ಮನೆ, ಸಾ,” ಅಂದ ಚಲುವಯ್ಯ.

“ಹೆಣವನ್ನ ಸ್ವಲ್ಪ ಆ ಕಡೆ ಇಡಿ. ಅಂಗಳ ನೋಡಿ ಹೊರಟುಬಿಡ್ತೀವಿ.”

ಹುಚ್ಚಯ್ಯ ಚಟ್ಟದ ಪಕ್ಕಕ್ಕೆ ಸಲಾಕೆ ಊರಿದ. ಅದು ನಿನ್ನೆ ಎಳೆದಿದ್ದ ಮಣ್ಣಿಗೆ ಸಲೀಸಾಗಿ ಗೇಣುದ್ದ ಇಳಿಯಿತು. ತಾನು ಎದ್ದು ನಿಂತಿದ್ದು, ತಾನೇ ಮಾತಾಡುತ್ತಿರುವುದು ನೀಲಾಂಬಿಕೆಗೆ ತಡವಾಗಿ ಗೊತ್ತಾಯಿತು.

“ಮುಟ್ಟಬೇಡಿ ಸ್ವಾಮಿ! ವಾಂತಿಭೇದಿ!”

ಹುಚ್ಚಯ್ಯ ಸಲಾಕೆಯ ಮೇಲಿನ ಕೈ ತೆಗೆದ.

“ಎದೆನೋವು ಅಂದ್ರಲ್ಲಮ್ಮ?” ಚಲುವಯ್ಯ ಬಾಯಿ ಬಿಟ್ಟುಕೊಂಡು ನೋಡಿದ.

“ಊರು ಹೆದರುತ್ತೆ ಅಂತ ಮುಚ್ಚಿಟ್ವಿ. ಬಳಿದು ಹಾಕಿದವಳು ನಾನೇ. ಇದೇ ಕೈಯಲ್ಲಿ.” ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅವಳು ಶೇಕದಾರರ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಅವರು ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಕರ್ಚೀಫು ಒತ್ತಿಕೊಂಡರು. “ಬೇಗ ಹೂಳಿ. ನಾಳೆ ಡಾಕ್ಟರು ಬರ್ತಾರೆ. ಹುಚ್ಚಯ್ಯ, ನೀನು ಬೀದಿ ತುದೀಲಿ ನಿಲ್ಲು, ಊರಿಂದ ಒಬ್ಬರೂ ಹೊರಗೆ ಹೋಗಕೂಡದು.”

ಸಲಾಕೆ ಕಿತ್ತುಕೊಂಡು ಹುಚ್ಚಯ್ಯ ಓಡಿದ. ರಾಗಿ ಉಳಿಯಿತು. ಬೆಟ್ಟಮ್ಮ ಸಲಾಕೆ ಇಳಿದ ತೂತನ್ನು ಕಾಲಿನಿಂದ ಒತ್ತಿ ಮುಚ್ಚಿದಳು.

ತಿರುಗಿ ನೋಡಿದರೆ ಟವೆಲ್ಲು ಸುತ್ತಿದ್ದ ಗಂಡಸರೊಬ್ಬರೂ ಇರಲಿಲ್ಲ. ಬೀದಿಯುದ್ದಕ್ಕೂ ಅಗುಳಿ ಹಾಕುವ ಸದ್ದು ಕೇಳುತ್ತಿತ್ತು. ಚಲುವಯ್ಯ ಬೇವಿನ ಮರದ ಆಚೆಗೆ ಹೋಗಿ ನಿಂತಿದ್ದ.

“ನಂಗೂ ಮಕ್ಕಳವ್ರೆ ಕಣಮ್ಮ,” ಅಂದ. ಕಣ್ಣೀರು ಇಳಿಯುತ್ತಿತ್ತು. ಹತ್ತಿರ ಮಾತ್ರ ಬರಲಿಲ್ಲ.

ಇಬ್ಬರಿಂದ ಚಟ್ಟ ಏಳುವುದಿಲ್ಲ. ಸುಳ್ಳು ಕಣ್ರೋ, ಅವಳಿಗೆ ಯಾವ ಜಾಡ್ಯವೂ ಇಲ್ಲ ಎಂದು ನೀಲಾಂಬಿಕೆಗೆ ಕೂಗಬೇಕೆನಿಸಿತು. ಬೀದಿ ತುದಿಯಲ್ಲಿ ಹುಚ್ಚಯ್ಯ ಇತ್ತ ಕಡೆಯೇ ನೋಡುತ್ತಿದ್ದ. ಬಾಯಿಗೆ ಸೆರಗು ತುರುಕಿಕೊಂಡು ಚಟ್ಟದ ಪಕ್ಕ ಕೂತಳು. ಬದುಕಿದ್ದಾಗ ಉಸಿರು ತೆಗೆದದ್ದಲ್ಲದೆ ಈಗ ಹೊರುವವರನ್ನೂ ಓಡಿಸಿದೆನಲ್ಲ.

ಎದುರು ಮನೆಯ ಅಗುಳಿ ಸರಿಯಿತು. ಸಾಕಮ್ಮ ಹೊರಗೆ ಬಂದಳು, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಹಿಂದೆಯೇ ಅವಳ ಅತ್ತೆ ತಿಮ್ಮಮ್ಮ, ನಡು ಬಾಗಿದ ಮುದುಕಿ.

ಹತ್ತಿರ ಬಂದವಳ ಕೈ ಹಿಡಿದು ನೀಲಾಂಬಿಕೆ, “ಹೆದರ್ಕೋಬೇಡ ಸಾಕೀ,” ಎಂದಷ್ಟೇ ಅಂದಳು. ಹೆಚ್ಚು ಹೇಳುವಂತಿರಲಿಲ್ಲ.

“ಎದ್ರಿಕೆ ಆಯ್ತದೆ ಕಣಕ್ಕ. ಅದ್ಕೇ ಬೇಗ ಎತ್ರಿ.”

ತಿಮ್ಮಮ್ಮ ಕೂಸನ್ನು ಸೊಸೆಯ ಕಂಕುಳಿಂದ ತೆಗೆದುಕೊಂಡು ಬೇವಿನ ಮರದವರೆಗೂ ನಡೆದು ಚಲುವಯ್ಯನ ಕೈಗೆ ಹಾಕಿದಳು. “ಒರಾಕಾಗ್ದಿದ್ರೆ ಇದ್ನಾರ ಇಡ್ಕ.” ಆಮೇಲೆ ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟಳು.

ಚಟ್ಟ ಎದ್ದಿತು. ಮುದುಕಿ ಗಿಡ್ಡ, ಸುಬ್ಬಮ್ಮನ ತಲೆ ಆ ಮೂಲೆಗೆ ವಾಲಿತು. ಎಲ್ಲರಿಗಿಂತ ಎತ್ತರದವಳಾದ ನೀಲಾಂಬಿಕೆ ತಿಮ್ಮಮ್ಮನ ಪಕ್ಕದಲ್ಲಿ ಮಂಡಿ ಮಡಿಸಿ, ನಡು ಬಾಗಿಸಿ, ಮುದುಕಿಯ ಹೆಗಲಿನ ಮಟ್ಟಕ್ಕೆ ತನ್ನ ಹೆಗಲನ್ನು ತಗ್ಗಿಸಿಕೊಂಡಳು. ಹಾಗೆಯೇ ಬಾಗಿಕೊಂಡು, ಮುಚ್ಚಿದ ಬಾಗಿಲುಗಳ ನಡುವೆ, ಹೊಲದ ಕಡೆಗೆ ಹೆಜ್ಜೆ ಹಾಕಿದಳು.