ನೆಟ್ಟಗಾದ ರೆಕ್ಕೆಗಳು

ನೊಣ ಬೆಳೆಸುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಒಳಗಿನ ಗಾಳಿ ಯೆನ್-ಚಿಂಗಳ ಕೈಗೆ ತಣ್ಣಗೆ ತಾಗಿತು. ಅನುಮಾನ ಬಂದು ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದಳು. ಪೆಟ್ಟಿಗೆಯ ಹೊರಗಿನ ಪರದೆಯಲ್ಲಿ ಇಪ್ಪತ್ತೈದು ಡಿಗ್ರಿ ಎಂದಿತ್ತು. ಒಳಗಿದ್ದದ್ದು ಹದಿನೆಂಟು.

ಲ್ಯಾಬಿನಲ್ಲಿ ಅವಳಿಗಿಂತ ಎರಡು ವರ್ಷ ಹಿರಿಯನಾದ ಮಿಂಗ್-ತಾ ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ. ಯಂತ್ರ ಹೇಳಿದ ಮಾತು ಕೇಳಲಿ ಅಂತ, ಅಲ್ಲಿನವರ ನಂಬಿಕೆಯಂತೆ ಇನ್‌ಕ್ಯುಬೇಟರಿನ ಮೇಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣದ ಕಡೆ ಕೈ ತೋರಿಸಿದ.

“ತಾರೀಖು ಮುಗಿದು ಮೂರು ತಿಂಗಳಾಯ್ತು ತಂಗಿ. ಹಳಸಿದ್ದು ಕೊಟ್ರೆ ಅದಾದ್ರೂ ಯಾಕೆ ದುಡಿಯುತ್ತೆ?”

ಅವಳಿಗೆ ನಗು ಬರಲಿಲ್ಲ.

ಐದು ವರ್ಷದಿಂದ ಅವಳದು ಹಣ್ಣಿನ ನೊಣಗಳ ಮಿದುಳಿನ ಕೆಲಸ. ಆ ಮಿದುಳಿನ ಸುತ್ತ ಗ್ಲಿಯಾ ಎಂಬ ಜೀವಕೋಶಗಳು ಒಂದಕ್ಕೊಂದು ಹೆಣೆದುಕೊಂಡು, ರಕ್ತದಲ್ಲಿರುವುದೆಲ್ಲ ಒಳನುಗ್ಗದಂತೆ ತಡೆಯುತ್ತವೆ. ಆ ಕೋಶಗಳಲ್ಲಿ ಒಂದು ಜೀನ್ ಕೆಲಸ ಮಾಡದಿದ್ದರೆ ಹೆಣಿಗೆ ಸಡಿಲವಾಗಿ, ಮೈಗೆ ಚುಚ್ಚಿದ ಬಣ್ಣ ಮಿದುಳಿಗೆ ಸೋರುತ್ತದೆ. ಕಳೆದ ವರ್ಷ ಇಂಥ ನೊಣಗಳಿಗೆ ಒಂದು ಹಳೆಯ ಔಷಧಿ ತಿನ್ನಿಸಿದಾಗ ಸೋರುವುದು ನಿಂತಿತ್ತು. ತೈನಾನ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಅದೇ ಜೀನ್ ಕೆಟ್ಟು, ದಿನಕ್ಕೆ ಹತ್ತು ಸಲ ಫಿಟ್ಸ್ ಬರುತ್ತಿದ್ದ ಆನ್-ಲಿ ಎಂಬ ಏಳು ವರ್ಷದ ಹುಡುಗಿಯಿದ್ದಳು. ಲೇಖನವಾಗಿ ಪ್ರಕಟವಾಗಿದ್ದ ಈ ಫಲಿತಾಂಶವನ್ನು ನಂಬಿ ಅವಳ ಡಾಕ್ಟರ್ ಕೋ ವಿಶೇಷ ಅನುಮತಿ ತಂದಿದ್ದರು. ಲಿವರನ್ನು ಕೆಡಿಸಬಲ್ಲ ಔಷಧಿ ಅದು. ಮೊದಲ ಡೋಸ್ ಇವತ್ತು ಮಧ್ಯಾಹ್ನ ಮೂರಕ್ಕೆ.

ಜೀನ್ ಪೂರ್ತಿ ಕೆಟ್ಟ ನೊಣಗಳನ್ನು ಯೆನ್-ಚಿಂಗ್ ರೆಕ್ಕೆ ನೋಡಿ ಆರಿಸುತ್ತಿದ್ದಳು. ರೆಕ್ಕೆ ನೆಟ್ಟಗಿದ್ದರೆ ಕಾಯಿಲೆಯದು, ಸುರುಳಿಯಾಗಿದ್ದರೆ ಗಟ್ಟಿಮುಟ್ಟಾದದ್ದು. ಆದರೆ ಚಳಿಯಲ್ಲಿ ಬೆಳೆದರೆ ಸುರುಳಿ ರೆಕ್ಕೆಯೂ ನೆಟ್ಟಗಾಗಿಬಿಡುತ್ತದೆ. ಔಷಧಿ ತಿಂದ ನೊಣಗಳಷ್ಟೂ ಬೆಳೆದದ್ದು ಈ ಪೆಟ್ಟಿಗೆಯಲ್ಲಿ. ಅದು ಎಂದಿನಿಂದ ಕೆಟ್ಟಿತ್ತೋ ಗೊತ್ತಿಲ್ಲ. ಅವು ಗುಣವಾಗಿದ್ದವೋ, ಅವಕ್ಕೆ ಕಾಯಿಲೆಯೇ ಇರಲಿಲ್ಲವೋ?

ಗಂಟೆ ಎರಡಾಗಲು ಹತ್ತು ನಿಮಿಷ. ಅವಳ ಮಾರ್ಗದರ್ಶಕ ಫಾಂಗ್ ಮೇಷ್ಟ್ರು ಪಾಠ ಮಾಡುತ್ತಿದ್ದರು. ತಪ್ಪು ಅಂಕಿ ತಂದ ವಿದ್ಯಾರ್ಥಿಯೊಬ್ಬನನ್ನು ಅವರು ಆರು ತಿಂಗಳು ಮಾತಾಡಿಸಿರಲಿಲ್ಲ. ಅವಳ ಡಾಕ್ಟರೇಟಿನ ಕೊನೆಯ ಪರೀಕ್ಷೆಗೆ ಉಳಿದದ್ದು ಮೂರೇ ವಾರ. ಪೆಟ್ಟಿಗೆಯನ್ನು ಸದ್ದಿಲ್ಲದೆ ರಿಪೇರಿ ಮಾಡಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಅದು ಎಷ್ಟು ಸಲೀಸಾಗಿ ಬಂತೆಂದರೆ, ಅವಳಿಗೆ ತನ್ನ ಮೇಲೇ ಭಯವಾಯಿತು. ಮೆಟ್ಟಿಲಿಳಿದು ಓಡಿದಳು.

ತರಗತಿಯ ಬಾಗಿಲಲ್ಲಿ ಅವಳ ಮುಖ ನೋಡಿದ್ದೇ ಮೇಷ್ಟ್ರು ಹೊರಗೆ ಬಂದರು. ಅವಳು ತೊದಲುತ್ತಾ ಎಲ್ಲ ಹೇಳಿದಳು. ಅವರ ಕಿವಿ ಕೆಂಪಾಯಿತು.

“ಖಂಡಿತಾನಾ?”

“ಖಂಡಿತ ಅನ್ನೋಕೆ ಇನ್ನೂ ಎರಡು ವಾರ ಬೇಕು ಮೇಷ್ಟ್ರೇ. ಅಲ್ಲಿ ಮೂರಕ್ಕೇ ಕೊಡ್ತಾರೆ.”

ಅವರು ಗೋಡೆಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟರು. “ನೀನೇ ಹೇಳು. ನಾನಿಲ್ಲೇ ನಿಂತಿರ್ತೀನಿ.”

ಡಾಕ್ಟರ್ ಕೋ ಪೂರ್ತಿ ಕೇಳಿಸಿಕೊಂಡು, ಡೋಸ್ ಆಗಲೇ ಕೊಟ್ಟಾಗಿದೆ ಎಂದರು. ಹುಡುಗಿ ಊಟವಾದ ಮೇಲೆ ಸಮಾಧಾನವಾಗಿದ್ದಳಂತೆ, ಒಂದೂವರೆಗೇ ಕೊಟ್ಟುಬಿಟ್ಟಿದ್ದರು.

ಮುಂದಿನ ಡೋಸ್‌ಗಳನ್ನು ಅಲ್ಲೇ ನಿಲ್ಲಿಸಲಾಯಿತು. ಯೆನ್-ಚಿಂಗ್ ಸಂಜೆಯ ರೈಲು ಹಿಡಿದು ತೈನಾನಿಗೆ ಹೋದಳು. ಯಾರೂ ಕರೆದಿರಲಿಲ್ಲ. ಎರಡು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಳು. ರಕ್ತದ ಸ್ಯಾಂಪಲ್ ಹಿಡಿದು ನರ್ಸ್ ಹೊರಬಂದಾಗಲೆಲ್ಲ ಅವಳು ಆಕೆಯ ಮುಖವನ್ನೇ ನೋಡುತ್ತಿದ್ದಳು. ಒಳಗೆ ಹುಡುಗಿ ಒಮ್ಮೆ ಚೀರಿದಾಗ, ಅದು ಫಿಟ್ಸೋ ಔಷಧಿಯೋ ತಿಳಿಯದೆ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂರನೆಯ ದಿನ ಡಾಕ್ಟರ್ ಕೋ ಬಂದು, ಲಿವರಿಗೆ ಏನೂ ಆಗಿಲ್ಲ ಎಂದರು. ಅವಳು ಮುಖ ಮುಚ್ಚಿಕೊಂಡಳು.

ನಿಜವಾಗಿ ಕಾಯಿಲೆಯಿದ್ದ ನೊಣಗಳ ಮೇಲೆ ಮಾಡಿದ ಮರುಪರೀಕ್ಷೆಯಲ್ಲಿ ಬಣ್ಣ ಮಿದುಳಿಗೆ ಸೋರಿತು. ಔಷಧಿಯಿಂದ ಏನೂ ಆಗುತ್ತಿರಲಿಲ್ಲ. ಮೇಷ್ಟ್ರು ಲೇಖನ ಹಿಂದಕ್ಕೆ ಪಡೆದರು, ಅವಳ ಡಾಕ್ಟರೇಟಿನ ಪರೀಕ್ಷೆಯನ್ನು ಒಂದು ವರ್ಷ ಮುಂದೆ ಹಾಕಿದರು. ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಆನ್-ಲಿಯ ತಾಯಿಗೆ ಈ ಸುದ್ದಿಯನ್ನು ತಾನೇ ಹೇಳುತ್ತೇನೆಂದು ಅವಳು ಮತ್ತೆ ತೈನಾನಿಗೆ ಹೋದಳು. ಮೀನಿನ ಗಂಜಿಯ ಅಂಗಡಿ ನಡೆಸುತ್ತಿದ್ದ ಆಕೆ ತೊಳೆದ ಬಟ್ಟಲುಗಳನ್ನು ಒರೆಸುತ್ತಾ ಕೊನೆಯವರೆಗೂ ಕೇಳಿದರು.

“ನೀನು ಹೇಳದೆ ಇದ್ದಿದ್ರೆ ನಂಗೆ ಇನ್ನೂ ಒಂದಷ್ಟು ದಿನ ಆಸೆ ಇರ್ತಿತ್ತು” ಎಂದರು. ಒರೆಸಿದ ಬಟ್ಟಲನ್ನು ಬೋರಲು ಹಾಕಿ ಕೇಳಿದರು, “ಆ ನೊಣಗಳು ಇನ್ನೂ ಇವೆಯಾ?”

“ಇವೆ.”

“ಮತ್ತೆ ಇಲ್ಲಿ ಯಾಕೆ ಕೂತಿದೀಯಮ್ಮಾ?”

ಯೆನ್-ಚಿಂಗ್ ಎದ್ದು ತಲೆಬಾಗಿಸಿ ನಮಸ್ಕರಿಸಿ, ಲ್ಯಾಬಿಗೆ ಮರಳಲು ಸ್ಟೇಷನ್ನಿನ ಕಡೆ ನಡೆದಳು.