ನೀಲಕ್ಕನ ಬಲಗಾಲಿನ ಪಟ್ಟಿ

ನಾನು ಒಂದು ಕಾಲುಪಟ್ಟಿ. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ, ನೀಲಕ್ಕನ ಕಾಲಿನ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು ಕೂರಿಸಿ ನನ್ನನ್ನು ಮಾಡಿದರು. ಆರಿದಾಗ ನನಗೆ ಅವಳ ಮೀನಖಂಡದ, ಹಿಮ್ಮಡಿಯ, ಅಂಗಾಲಿನ ಆಕಾರ ಬಂದಿತ್ತು.

ನೀಲಕ್ಕ ಶಾಲೆಯ ಸಮವಸ್ತ್ರ ಹೊಲಿಯುವವಳು. ಸವೆದ ಸೊಂಟದ ಕೀಲು ಬದಲಿಸುವಾಗ ಕಾಲಿನ ನರ ಜಗ್ಗಿ ಪೆಟ್ಟಾಯಿತು. ಎಚ್ಚರವಾದಾಗ ಬಲಪಾದ ಮೇಲೇಳಲೇ ಇಲ್ಲ. "ನರ ಹರಿದಿಲ್ಲ. ಸುಧಾರಿಸಲು ವರ್ಷ ಬೇಕು. ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ" ಎಂದರಂತೆ ಡಾಕ್ಟರು.

ಹೆಜ್ಜೆ ಎತ್ತಿದಾಗ ಜೋತುಬೀಳುವ ಆ ಪಾದವನ್ನು ಎತ್ತಿ ಹಿಡಿಯುವುದೇ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅದೇ ಭಾರ, ಅದೇ ಬಾಗು. ನನ್ನ ಬೆಲ್ಟು ಬಿಗಿಯುತ್ತಿದ್ದವಳು ತಂಗಿ ಗಂಗೂ. ಆಪರೇಷನ್‌ಗೆ ಒತ್ತಾಯಿಸಿದವಳೂ ಅವಳೇ. ನೆಲಕ್ಕೆ ಕೂತು, ಅಕ್ಕನ ಮುಖ ನೋಡದೆ ಬೆಲ್ಟು ಬಿಗಿದು ಎದ್ದುಹೋಗುತ್ತಿದ್ದಳು.

ಒಂದು ಸಂಜೆ ನನ್ನನ್ನು ಬಿಚ್ಚಿದಾಗ ಕಾಲುಚೀಲದಲ್ಲಿ ರಕ್ತ. ನನ್ನ ಅಂಚು ದಿನವಿಡೀ ಕಿರುಬೆರಳ ಬುಡವನ್ನು ಉಜ್ಜಿತ್ತು. ಮರಗಟ್ಟಿದ ಪಾದಕ್ಕೆ ಗೊತ್ತೇ ಆಗಿರಲಿಲ್ಲ. ನನಗೂ.

ಗಂಗೂ ಬಿಕ್ಕಿದಳು. "ನಿನ್ನ ಆಪರೇಷನ್‌ಗೆ ನೂಕಿದಾಕಿ ನಾನ ಅಲ್ಲೇನ? ಬೈಯರ ಬೈ ಯಕ್ಕಾ, ಹಿಂಗ ಸುಮ್ನ ಇರಬ್ಯಾಡ."

ನೀಲಕ್ಕ ರಕ್ತದ ಕಾಲುಚೀಲವನ್ನು ತಂಗಿಯ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಎಲ್ಲಾರೂ ಪಾದದ್ದ ಕೇಳ್ತಾರ. ಸೊಂಟದ್ದು ಒಬ್ಬರೂ ಕೇಳಂಗಿಲ್ಲ," ಎಂದಳು ಆಮೇಲೆ. "ಅದು ಈಗ ನೋಯಂಗಿಲ್ಲ, ಗಂಗೂ. ಒಂಬತ್ತು ವರ್ಷ ನೋವು ತಿಂದ ಮ್ಯಾಲ ಈಗ ಮಗ್ಗಲಾ ಹೊರಳಿ ಮಲಗೇನಿ. ಅಳೂದು ಬಿಡು, ಔಷಧ ಹಚ್ಚು."

ಮರುದಿನ ನನ್ನ ಅಂಚು ಉಜ್ಜಿಸಿ ನುಣುಪು ಮಾಡಿಸಿದರು. ಅಂದಿನಿಂದ ಗಂಗೂ ಬೆಲ್ಟು ಬಿಗಿಯುವಾಗ ಮಾತಾಡತೊಡಗಿದಳು: ಸಾರಿಗೆ ಉಪ್ಪು ಹೆಚ್ಚಾದದ್ದು, ಪಕ್ಕದ ಮನೆಯವರ ಜಗಳ.

ಆಪರೇಷನ್ ಆದ ಹದಿನಾಲ್ಕನೇ ತಿಂಗಳಲ್ಲಿ ಹೆಬ್ಬೆರಳು ಅಲುಗಿತು. ಆಮೇಲೆ ಪಾದ ಅರ್ಧ ಎದ್ದಿತು, ಅಷ್ಟಕ್ಕೇ ನಿಂತಿತು. ನೀಲಕ್ಕ ಎಡಗಾಲಲ್ಲಿ ಮಷಿನ್ ತುಳಿಯಲು ಕಲಿತಳು.

ನಾಲ್ಕನೇ ವರ್ಷ ನಾನು ಬಿರುಕುಬಿಟ್ಟೆ. ಹೊಸ ಪಟ್ಟಿ ಬಂತು. ನನ್ನನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಕೊಟ್ಟರು. ಹೊಸ ರೋಗಿಗಳಿಗೆ ತೋರಿಸಲು ಕಪಾಟಿನಲ್ಲಿಟ್ಟಿದ್ದಾರೆ. ನಾನು ಯಾರನ್ನೂ ಗುಣ ಮಾಡಿದವನಲ್ಲ. ಎತ್ತಿ ಹಿಡಿದೆ, ದಣಿದೆ.

ಮೊನ್ನೆ ಪಾದ ಜೋತುಬಿದ್ದ ಮುದುಕರೊಬ್ಬರು ನನ್ನನ್ನು ತಿರುವಿ ತಿರುವಿ ನೋಡಿದರು.

"ಇದನ್ನ ಹಾಕ್ಕೊಂಡವ್ರು ಈಗ ನಡೀತಾರೇನ್ರಿ?"

"ನಡೀತಾರ್ರಿ," ಎಂದಳು ವ್ಯಾಯಾಮ ಮಾಡಿಸುವ ಹುಡುಗಿ. "ಸಾವಕಾಶ."

ಅವರು ನನ್ನನ್ನು ತಕ್ಷಣ ಕೆಳಗಿಡಲಿಲ್ಲ.