ರಕ್ತ ಹೌದೆಂದಿತು

ಹನ್ನೊಂದನೆಯ ಕಿಟ್‌ನಲ್ಲೂ ಒಂದೇ ಗೆರೆ ಬಂತು. ಬಚ್ಚಲಿನ ಬಲ್ಬಿನ ಕೆಳಗೆ ಹಿಡಿದೆ, ಕಿಟಕಿಯ ಹತ್ತಿರ ಹಿಡಿದೆ, ಓರೆ ಮಾಡಿ ಕಣ್ಣು ಕಿರಿದಾಗಿಸಿ ನೋಡಿದೆ. ಬಸಿರಾದವಳಿಗೆ ಎರಡು ಗೆರೆ ಬರಬೇಕು. ಕೈಚೀಲದಲ್ಲಿದ್ದ ರಕ್ತ ಪರೀಕ್ಷೆಯ ಚೀಟಿ ಮಾತ್ರ ನೂರ ಎಂಬತ್ತು ಎನ್ನುತ್ತಿತ್ತು. ಇಪ್ಪತ್ತೈದು ದಾಟಿದರೆ ಗರ್ಭ ಇದೆ ಎಂದು ಲೆಕ್ಕ. ಮದುವೆಯಾಗಿ ಒಂಬತ್ತು ವರ್ಷ. ಎರಡರಲ್ಲಿ ನಾನು ಯಾವುದನ್ನು ನಂಬಿದೆ ಅಂತ ಕೇಳಲೇಬೇಡಿ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. "ಎರಡು ಮೀಟರು ಎರಡು ಥರ ತೋರ್ಸಿದ್ರೆ ಒಂದು ಕೆಟ್ಟಿದೆ ಅಂತ," ಅಂದರು.

"ಕೆಟ್ಟಿರೋದು ಕಿಟ್ಟೇ."

"ಹನ್ನೊಂದೂನಾ?"

ಮಾತು ಸರಿ. ಸರಿಯಾಗಿದ್ದಕ್ಕೇ ಮೈಯೆಲ್ಲ ಉರಿದುಹೋಯಿತು. ಅವತ್ತು ಪೂರ್ತಿ ಅವರ ಜೊತೆ ಮಾತು ಬಿಟ್ಟೆ.

ಅತ್ತೆಗೆ ಆಗಲೇ ಹೇಳಿಬಿಟ್ಟಿದ್ದೆ, ಬಾಯಿ ತಡೆಯಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಕೊಂಕು ಮಾತಾಡದೆ, ತಿಂಗಳು ತಿಂಗಳೂ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದ ಹೆಂಗಸು ಅವರು. ಈಗ ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಳ್ಳುತ್ತಿದ್ದರು. "ಬಗ್ಗಬೇಡ್ವೇ, ನಾನಿಲ್ವಾ?" ಅನ್ನುತ್ತಿದ್ದರು. ಅವರ ಮೊಣಕಾಲಿಗೆ ನೆಟ್ಟಗೆ ಬಗ್ಗಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ನಾನು ಕೆಲಸ ಮಾಡುವುದು ಔಷಧಿ ಸಂಶೋಧನೆಯ ಕಟ್ಟಡವೊಂದರ ಇಲಿಮನೆಯಲ್ಲಿ. ಅಲ್ಲಿ ಎಲ್ಲರೂ ನನ್ನನ್ನು ಇಲಿಯಮ್ಮ ಅಂತಲೇ ಕರೆಯುವುದು. ಆರುನೂರು ಬಿಳಿ ಇಲಿಗಳಿಗೆ ನೀರು, ಮೇವು, ಗೂಡಿಗೆ ಹೊಸ ಮರದ ಹೊಟ್ಟು. ಯಾವ ಗೂಡಲ್ಲಿ ಎಷ್ಟು ಮರಿ ಹುಟ್ಟಿದವು ಅಂತ ದಿನಾ ಬೆಳಿಗ್ಗೆ ಎಣಿಸಿ ಬರೆಯುವವಳೂ ನಾನೇ. ಮಕ್ಕಳಿಲ್ಲದವಳಿಗೆ ಎಂಥ ಕೆಲಸ ಸಿಕ್ಕಿತು ನೋಡಿ. ನಗು ಬಂದರೆ ನಕ್ಕುಬಿಡಿ, ನಾನೂ ನಕ್ಕಿದ್ದೇನೆ. ಆದರೆ ಆ ಕೋಣೆ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಇಲಿ ಕಚ್ಚಿದರೆ ಪುಸ್ತಕದಲ್ಲಿ ಬರೆಯಬೇಕು, ತಿಂಗಳಲ್ಲಿ ಎರಡು ಸಲ ಬರೆದವರನ್ನು ಗೂಡು ತೊಳೆಯುವ ಕೋಣೆಗೆ ಹಾಕುತ್ತಾರೆ. ದಪ್ಪ ಗ್ಲೌಸ್ ಹಾಕಿಕೊಂಡರೆ ಮರಿ ಕೈಗೆ ತಿಳಿಯುವುದಿಲ್ಲ. ಹಾಗಾಗಿ ಬರಿಗೈಯಲ್ಲೇ ಹಿಡಿಯುತ್ತಿದ್ದೆ, ಕಚ್ಚಿಸಿಕೊಳ್ಳುತ್ತಿದ್ದೆ, ತೊಳೆದು ಬ್ಯಾಂಡೇಜು ಸುತ್ತಿ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಆ ಪುಸ್ತಕದಲ್ಲಿ ನನ್ನ ಹೆಸರು ಒಂದು ಸಲವೂ ಬಂದಿಲ್ಲ. ಆಸ್ಪತ್ರೆಯ ಫಾರಂನಲ್ಲಿ 'ಪ್ರಾಣಿ ಕಡಿತ?' ಅಂತ ಇದ್ದಾಗಲೂ ಕೈ ತಾನಾಗಿಯೇ 'ಇಲ್ಲ' ಅಂತ ಬರೆಯಿತು. ಕಿಟ್‌ಗಳ ವಿಷಯವನ್ನೂ ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಎಲ್ಲಿ ಇಲ್ಲ ಅಂದುಬಿಡುತ್ತಾರೋ ಅಂತ ಭಯ.

ಎರಡು ದಿನ ಬಿಟ್ಟು ತೆಗೆದ ರಕ್ತದಲ್ಲಿ ನೂರ ಎಪ್ಪತ್ತಾರು. ಮತ್ತೆರಡು ದಿನಕ್ಕೆ ನೂರ ಎಂಬತ್ತನಾಲ್ಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ.

"ಎರಡು ದಿನಕ್ಕೆ ಹೆಚ್ಚುಕಮ್ಮಿ ಎರಡರಷ್ಟಾಗ್ಬೇಕು, ಇದು ನಿಂತಲ್ಲೇ ನಿಂತಿದೆ," ಅಂದರು ಡಾಕ್ಟರಮ್ಮ. "ಒಂದೋ ಗರ್ಭ ಕೋಶಕ್ಕೆ ಇಳೀದೆ ನಾಳದಲ್ಲೇ ಸಿಕ್ಕೊಂಡಿದೆ, ಇಲ್ಲಾ ಎಲ್ಲೋ ಗೆಡ್ಡೆ ಇರ್ಬೇಕು. ಇಂಜೆಕ್ಷನ್ ಕೊಟ್ಟು ಕರಗಿಸೋಣ."

"ಕರಗಿಸೋದಾ?"

"ನಾಳ ಒಡೆದ್ರೆ ನಿಮ್ಮ ಜೀವಕ್ಕೇ ಅಪಾಯ, ಅಮ್ಮ."

ಕಾಲು ಹಿಡಿಯುವುದೊಂದು ಬಾಕಿ. ನಾಲ್ಕು ದಿನ ಬೇಡಿ ತಂದೆ. ನೋವು ಬಂದರೆ ತಕ್ಷಣ ಬರಬೇಕು ಅಂತ ಸಹಿ ಹಾಕಿಸಿಕೊಂಡು ಕಳಿಸಿದರು. ಗಂಡ ದಾರಿಯುದ್ದಕ್ಕೂ "ನೀನು ಉಳಿದ್ರೆ ಸಾಕು ಕಣೇ" ಅನ್ನುತ್ತ ಬಂದರು. ನನಗೆ ಅವರ ಮೇಲೆ ಹೇಸಿಗೆಯೇ ಆಯಿತು; ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ನಾಲ್ಕು ದಿನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಗೂಡುಗಳ ನಡುವೆ ಓಡಾಡಿದೆ. ಕಿಟ್‌ಗೆ ಮುಖ ತೋರಿಸದಿದ್ದರೂ ಪರವಾಗಿಲ್ಲ, ಸ್ಕ್ಯಾನಿಂಗ್‌ಗೆ ಕಾಣಿಸದಿದ್ದರೂ ಪರವಾಗಿಲ್ಲ, ಎಲ್ಲಾದರೂ ಒಂದು ಮೂಲೆಯಲ್ಲಿ ಇರು ಮಗು, ಇದ್ದರೆ ಸಾಕು ಅಂತ ಅದರ ಜೊತೆ ಮಾತಾಡಿದೆ. ಬೆಳಿಗ್ಗೆ ಬೆಳಿಗ್ಗೆ ವಾಂತಿಯೂ ಆಗುತ್ತಿತ್ತು. ಅದೇನು ಸುಳ್ಳೇ?

ಐದನೆಯ ದಿನ ಇಂಜೆಕ್ಷನ್‌ಗೆ ಮುಂಚೆ ಇನ್ನೊಮ್ಮೆ ರಕ್ತ ತೆಗೆಯಬೇಕಿತ್ತು. ಲ್ಯಾಬಿನ ಹೆಂಗಸು ತೋಳಿಗೆ ಪಟ್ಟಿ ಬಿಗಿಯುತ್ತಿರುವಾಗ ನನ್ನ ಗಂಡನಿಗೆ ತಡೆಯಲಾಗಲಿಲ್ಲ.

"ಮೇಡಂ, ಮನೇಲಿ ಹನ್ನೊಂದು ಸಲ ನೋಡಿದ್ದಾಳೆ. ಹನ್ನೊಂದು ಸಲಾನೂ ಇಲ್ಲ ಅಂತಾನೇ ಬಂದಿದೆ."

ಆಕೆಯ ಕೈ ನಿಂತಿತು. "ರಕ್ತದಲ್ಲಿ ಇಷ್ಟಿದ್ರೆ ಮೂತ್ರದಲ್ಲೂ ಬರ್ಲೇಬೇಕು," ಅಂತ ನನ್ನ ಕೈ ಮಗುಚಿದವರು ಬೆರಳು ನೋಡಿದರು. "ಇದೇನಮ್ಮ, ಇಷ್ಟೊಂದು ಕಲೆ?"

"ಇಲಿ," ಅಂದೆ. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಆ ಮಾತು ಬಾಯಿಂದ ಬಂತು.

ಅವತ್ತು ಇಂಜೆಕ್ಷನ್ ಕೊಡಲಿಲ್ಲ. ಅದೇ ರಕ್ತವನ್ನು ಬೇರೆ ಥರದ ಮೆಷಿನ್ನಿಗೆ ಹಾಕಿದರು. ಸಂಜೆ ಡಾಕ್ಟರಮ್ಮ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: ಇಲಿ ಕಚ್ಚಿ ಕಚ್ಚಿ, ಇಲಿಯದ್ದು ಏನೇ ಬಂದರೂ ತಡೆಯುವಂಥದ್ದೊಂದು ನನ್ನ ರಕ್ತದಲ್ಲಿ ಬೆಳೆದುಬಿಟ್ಟಿದೆ. ಮೊದಲಿನ ಮೆಷಿನ್ನಿನಲ್ಲಿ ರಕ್ತಕ್ಕೆ ಬೆರೆಸುವ ಔಷಧಿ ಮಾಡುವುದು ಇಲಿಯಿಂದಲೇ. ನನ್ನ ರಕ್ತ ಅದನ್ನು ಹಿಡಿದುಕೊಂಡಿತು, ಮೆಷಿನ್ನು ಅದನ್ನೇ ಗರ್ಭ ಅಂತ ಎಣಿಸಿತು. ರಕ್ತದಲ್ಲಿರುವ ಅದು ಮೂತ್ರಕ್ಕೆ ಇಳಿಯುವುದಿಲ್ಲ, ಅದಕ್ಕೇ ಕಿಟ್‌ಗಳು ಇಲ್ಲ ಅಂದದ್ದು. ಹೊಸ ಮೆಷಿನ್ನಿನಲ್ಲಿ ಬಂದದ್ದು ಸೊನ್ನೆ.

"ಒಳ್ಳೆ ಸುದ್ದಿ," ಅಂದರು. "ನಾಳದಲ್ಲೂ ಏನಿಲ್ಲ, ಗೆಡ್ಡೇನೂ ಇಲ್ಲ. ಏನೂ ಇಲ್ಲ."

ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಬದುಕಿದೆಯಾ ಬಡಜೀವವೇ ಅನ್ನುವಂಥ ನಗು. ನಾನೂ ನಗಬೇಕಿತ್ತು. ಯಾರೂ ಸತ್ತಿರಲಿಲ್ಲವಲ್ಲ, ಯಾವ ಮುಖ ಇಟ್ಟುಕೊಂಡು ಅಳಲಿ?

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಗಂಡ ಚಪ್ಪಲಿ ಬಿಡುತ್ತ "ಅಮ್ಮಾ, ಅದು ಮೆಷಿನ್ನು..." ಅಂತ ಶುರುಮಾಡಿದರು. ನಾನು ಅವರ ಮಣಿಕಟ್ಟು ಹಿಡಿದು ಒತ್ತಿದೆ. ಮಗು ಇರಲೇ ಇಲ್ಲ ಅಂದರೆ ಅತ್ತೆಯೂ ದೇವರು ದೊಡ್ಡವನು, ನೀನು ಉಳಿದೆಯಲ್ಲ ಅಂದುಬಿಡುತ್ತಿದ್ದರು. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ.

"ಹೋಯ್ತು ಅತ್ತೆ," ಅಂದೆ.

ಅತ್ತೆ ಅಯ್ಯೋ ನನ್ನ ಕಂದಾ ಅಂತ ನನ್ನನ್ನು ಎದೆಗವಚಿಕೊಂಡು ಗೋಳೋ ಅಂತ ಅತ್ತರು. ಆಗ ನಾನೂ ಅತ್ತುಬಿಟ್ಟೆ.